ಗೋಸುಂಬೆಗೆ ನೂರು ವಾಟ್ ಯಾಕೆ?

ಏಪ್ರಿಲ್ ತಿಂಗಳು, ಬೆಂಗಳೂರಿನ ಫ್ಲಾಟು, ಮಟಮಟ ಮಧ್ಯಾಹ್ನ. ಅಂಥ ಹೊತ್ತಿನಲ್ಲಿ ಒಂದು ಪ್ರಾಣಿ ಬೆಚ್ಚಗಿರಲಿ ಎಂದು ನೂರು ವಾಟ್ ಬಲ್ಬು ಉರಿಸುವವರಿದ್ದಾರೆ ಎಂದರೆ ನಮ್ಮಮ್ಮ ಇವತ್ತಿಗೂ ನಂಬುವುದಿಲ್ಲ. ನಾನು ನಂಬದೆ ವಿಧಿಯಿಲ್ಲ. ಆ ಬಲ್ಬಿನಿಂದ ಸುಟ್ಟುಕೊಂಡವು ಬಂದು ಕೂರುವುದು ನನ್ನ ಮೇಜಿನ ಮೇಲೆಯೇ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಓದಿದ್ದು ಹಸು, ಎಮ್ಮೆ, ಕುರಿ, ಕೋಳಿ. ಆಮೇಲೆ ನಾಯಿ, ಬೆಕ್ಕು. ಕೆಲಸಕ್ಕೆ ಸೇರಿದ್ದು ಹೊಸಕೋಟೆ ಕಡೆಯ ಪಶು ಆಸ್ಪತ್ರೆಗೆ. ಈಗ ಜಯನಗರದಲ್ಲಿ ನನ್ನದೇ ಒಂದು ಸಣ್ಣ ಕ್ಲಿನಿಕ್ಕು. ಬಾಗಿಲು ತಳ್ಳಿಕೊಂಡು ಬರುವ ಪ್ರಾಣಿಗಳ ಚಹರೆ ಈ ಹತ್ತು ಹದಿನೈದು ವರ್ಷಗಳಲ್ಲಿ ಪೂರಾ ಬದಲಾಗಿದೆ. ಇಗುವಾನಾ ಬರುತ್ತದೆ, ಬಾಲ್ ಪೈಥಾನ್ ಬರುತ್ತದೆ, ಶುಗರ್ ಗ್ಲೈಡರ್ ಜೇಬಿನಲ್ಲಿ ಬರುತ್ತದೆ. ಜೊತೆಗೆ ಯೆಮೆನ್ ದೇಶದ ಗೋಸುಂಬೆ. ಅಂಗಡಿಯವರು ಅದನ್ನು ‘ವೇಲ್ಡ್ ಕ್ಯಾಮಿಲಿಯನ್’ ಎನ್ನುತ್ತಾರೆ. ಯೆಮೆನ್ ಮತ್ತು ಸೌದಿ ಅರೇಬಿಯಾದ ನೈರುತ್ಯ ಮೂಲೆಯ ಬೆಟ್ಟಕಣಿವೆಗಳು ಅದರ ತವರು. ಗಂಡಿನ ನೆತ್ತಿಯ ಮೇಲೆ ಎತ್ತರದ ಏಣು ಇರುತ್ತದೆ, ಕಿರೀಟದ ಹಾಗೆ. ನೋಡಲು ಬಲು ಚೆಂದ. ದೀಪಕ್ಕೆ ಮೊದಲು ಸಿಕ್ಕುವುದೂ ಅದೇ.

ವೈಟ್‌ಫೀಲ್ಡ್ ಕಡೆಯ ಹುಡುಗನೊಬ್ಬ ಬಂದಿದ್ದ. ಸಾಫ್ಟ್‌ವೇರ್ ಕೆಲಸ, ಜೊತೆಯಲ್ಲಿ ತಾಯಿ. ಚಪ್ಪಲಿ ಡಬ್ಬಿಗೆ ತೂತು ಹಾಕಿ, ಒಳಗೆ ಹಳೇ ಟವೆಲ್ ಹಾಸಿ ಗೋಸುಂಬೆಯನ್ನು ತಂದಿದ್ದರು. ಕಿರೀಟದ ತುದಿಯಲ್ಲಿ ಎಂಟಾಣೆಯಷ್ಟಗಲ ಕಪ್ಪಾಗಿತ್ತು. ಅಂಚಿನ ಚರ್ಮ ಒಣಗಿದ ಹುಣಸೆ ಸಿಪ್ಪೆಯಂತೆ ಎದ್ದಿತ್ತು. ಬೆನ್ನ ಮೇಲಿನ ಗರಗಸದಂಥ ಸಾಲಿನಲ್ಲಿ ನಾಲ್ಕೈದು ಹಲ್ಲುಗಳೇ ಇರಲಿಲ್ಲ.

“ಮೊದಲು ಬೆಳ್ಳಗಿತ್ತು ಮೇಡಂ. ಪೊರೆ ಬಿಡ್ತಾ ಇದೆ ಅನ್ಕೊಂಡೆ.”

“ನಾನು ಹೇಳಿದೆ ಡಾಕ್ಟ್ರೇ, ಇದು ಪೊರೆ ಅಲ್ಲ ಕಣೋ, ಸುಟ್ಟಿದೆ ಅಂತ. ನನ್ನ ಮಾತು ಎಲ್ಲಿ ಕೇಳ್ತಾನೆ,” ಎಂದರು ತಾಯಿ.

ತಾಯಿ ಹೇಳಿದ್ದೇ ಸರಿ. ಹುಡುಗ ಅಂದುಕೊಂಡದ್ದರಲ್ಲಿ ವಿಚಿತ್ರವೇನೂ ಇರಲಿಲ್ಲ. ಸುಟ್ಟ ಮೊದಲ ದಿನ ಕಾಣುವುದು ಬಿಳಿಚಿದ, ಬೂದು ಬಣ್ಣದ ಒಂದು ಮಚ್ಚೆ, ಅಷ್ಟೇ. ಗೋಸುಂಬೆಯ ಪೊರೆಯೂ ಹಾವಿನದರಂತೆ ಒಂದೇ ಚೀಲವಾಗಿ ಕಳಚುವುದಿಲ್ಲ, ಚೂರು ಚೂರಾಗಿ ಬೆಳ್ಳಗೆ ಏಳುತ್ತದೆ. ಅದೂ ಸಾಲದು ಎಂಬಂತೆ ಬಣ್ಣ ಬದಲಿಸುವ ಪ್ರಾಣಿ. ಮೈಮೇಲೆ ಹೊಸ ಕಲೆ ಕಂಡರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಕೆಲವು ದಿನ ಕಳೆದ ಮೇಲೆ ಆ ಜಾಗ ಕಂದಾಗಿ, ಕಪ್ಪಾಗಿ, ಗಟ್ಟಿಯಾಗುತ್ತದೆ. ಗಾಯ ಎಷ್ಟು ಆಳಕ್ಕೆ ಇಳಿದಿದೆ ಎಂದು ಗೊತ್ತಾಗುವುದು ಆಗಲೇ. ಅಷ್ಟರಲ್ಲಿ ವಾರ ಕಳೆದಿರುತ್ತದೆ, ದೀಪ ಮಾತ್ರ ಇದ್ದಲ್ಲೇ ಉರಿಯುತ್ತಿರುತ್ತದೆ.

ದೀಪ ಎಷ್ಟು ದೂರದಲ್ಲಿದೆ ಎಂದು ಕೇಳಿದೆ. ಎಲ್ಲ ಸರಿಯಾಗಿದೆ, ಥರ್ಮಾಮೀಟರು 31 ತೋರಿಸುತ್ತದೆ ಎಂದು ಫೋಟೊ ತೋರಿಸಿದ. ಥರ್ಮಾಮೀಟರಿನ ತಂತಿಯ ತುದಿಯನ್ನು ರೆಂಬೆಗೆ ಸುತ್ತಿದ್ದ. ರೆಂಬೆಯ ಮೇಲಿರುವುದು ಗೋಸುಂಬೆಯ ಕಾಲು. ಕಾಲು ಸುಟ್ಟಿರಲಿಲ್ಲವಲ್ಲ! ಮನೆಗೆ ಹೋಗಿ ಅದೇ ತಂತಿಯನ್ನು ಬಿಚ್ಚಿ, ಪ್ರಾಣಿಯ ನೆತ್ತಿ ಬರುವ ಎತ್ತರಕ್ಕೆ ಒಂದು ಕಡ್ಡಿ ಸಿಕ್ಕಿಸಿ ಅದಕ್ಕೆ ಕಟ್ಟು, ಅರ್ಧ ಗಂಟೆ ಬಿಟ್ಟು ನೋಡು ಎಂದೆ. ಸಂಜೆ ಫೋಟೊ ಬಂತು, 44.

ಆ ಪ್ರಾಣಿಯನ್ನು ಕೊಂಡಾಗ ಅದು ಕಿರುಬೆರಳಿನಷ್ಟಿತ್ತಂತೆ. ದೀಪ, ರೆಂಬೆ ಎಲ್ಲವನ್ನೂ ಅಂಗಡಿಯವನೇ ಆ ಅಳತೆಗೆ ಜೋಡಿಸಿ ಕೊಟ್ಟಿದ್ದ. ಗಂಡು ಬೆಳೆದರೆ ಬಾಲವೂ ಸೇರಿ ಒಂದೂವರೆ ಅಡಿ ಮೀರುತ್ತದೆ, ನೆತ್ತಿಯ ಏಣೇ ಎರಡು ಅಂಗುಲದಷ್ಟು ಏಳುತ್ತದೆ. ರೆಂಬೆ ಅಲ್ಲೇ, ದೀಪ ಅಲ್ಲೇ. ನಡುವೆ ಪ್ರಾಣಿ ಬೆಳೆಯುತ್ತ ಬೆಳೆಯುತ್ತ ದೀಪದ ಹತ್ತಿರ ಹೋಗುತ್ತಿರುತ್ತದೆ. ದೂರ ಅರ್ಧಕ್ಕೆ ಇಳಿದರೆ ಬೀಳುವ ಶಾಖ ಎರಡು ಪಟ್ಟಲ್ಲ, ಹೆಚ್ಚೂಕಡಿಮೆ ನಾಲ್ಕು ಪಟ್ಟು. ಹೈಸ್ಕೂಲಿನಲ್ಲಿ ಇದನ್ನು ಓದಿದ ನೆನಪು ಎಲ್ಲರಿಗೂ ಇರಬೇಕು, ಪಂಜರದ ಮುಂದೆ ಮಾತ್ರ ಯಾರಿಗೂ ಬರುವುದಿಲ್ಲ.

ಸುಡುತ್ತಿದ್ದರೆ ಎದ್ದು ಹೋಗಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ ನೋವು ಗೊತ್ತಾಗುವುದಿಲ್ಲ ಎಂದು ಅಂಗಡಿಗಳಲ್ಲಿ ಹೇಳುತ್ತಾರಂತೆ. ಅದು ಶುದ್ಧ ಸುಳ್ಳು, ನೋವಿನ ನರಗಳು ಅದಕ್ಕೂ ಇವೆ. ವಿಷಯ ಬೇರೆ. ಗೋಸುಂಬೆ ತಣ್ಣನೆಯ ರಕ್ತದ ಪ್ರಾಣಿ. ಬೆಳಿಗ್ಗೆ ಎದ್ದರೆ ಮೊದಲ ಕೆಲಸ ಮೈ ಕಾಯಿಸಿಕೊಳ್ಳುವುದು. ಬಿಸಿಲಿಗೆ ಪಕ್ಕೆ ಒಡ್ಡಿ, ಮೈಯನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಚಪ್ಪಟೆ ಮಾಡಿ, ಬಿಸಿಲು ಬೀಳುವ ಪಕ್ಕೆಯನ್ನಷ್ಟೇ ಕಪ್ಪಗೆ ಮಾಡಿಕೊಂಡು ನಿಲ್ಲುತ್ತದೆ. ಸೂರ್ಯನ ಬಿಸಿಲು ಇಡೀ ಪಕ್ಕೆಗೆ ಸಮನಾಗಿ ಬೀಳುತ್ತದೆ. ಮೈಯ ಒಳಗು ಸಾಕಷ್ಟು ಬೆಚ್ಚಗಾಯಿತು ಅನ್ನಿಸಿದಾಗ ನೆರಳಿಗೆ ಸರಿಯುತ್ತದೆ. ದೀಪದ ಕೆಳಗೆ ನಡೆಯುವುದೇ ಬೇರೆ. ಅಂಗೈಯಗಲದ ಜಾಗಕ್ಕೆ ಬೆಂಕಿಯಂಥ ಶಾಖ, ಉಳಿದ ಮೈಯೆಲ್ಲ ತಣ್ಣಗೆ. ಹೊಟ್ಟೆ ಇನ್ನೂ ಬೆಚ್ಚಗಾಗಿಲ್ಲ, ಆದ್ದರಿಂದ ಪ್ರಾಣಿ ಕೂತೇ ಇರುತ್ತದೆ. ಅಷ್ಟು ಹೊತ್ತಿಗೆ ನೆತ್ತಿ ಬೆಂದಿರುತ್ತದೆ. ಅಲ್ಲಿ ಮೂಳೆಯ ಮೇಲೆ ತೆಳು ಚರ್ಮ ಬಿಟ್ಟರೆ ಬೇರೇನಿಲ್ಲ, ಬಿದ್ದ ಶಾಖವನ್ನು ಹೊತ್ತೊಯ್ಯುವಷ್ಟು ರಕ್ತವೂ ಹರಿಯುವುದಿಲ್ಲ.

ಹಾಗೆಂದು ಗೋಸುಂಬೆಯ ಚರ್ಮಕ್ಕೆ ಶಾಖ ತಡೆಯುವ ಉಪಾಯವೇ ಇಲ್ಲ ಎಂದಲ್ಲ. ಜಿನೀವಾ ವಿಶ್ವವಿದ್ಯಾಲಯದ ಮಿಶೆಲ್ ಮಿಲಿಂಕೊವಿಚ್ ಅವರ ತಂಡ 2015ರಲ್ಲಿ ಮಡಗಾಸ್ಕರಿನ ಪ್ಯಾಂಥರ್ ಗೋಸುಂಬೆಯ ಚರ್ಮದ ಗುಟ್ಟನ್ನು ಬಿಡಿಸಿಟ್ಟಿತು. ಚರ್ಮದೊಳಗೆ ಸೂಕ್ಷ್ಮ ಹರಳುಗಳಿರುವ ಕೋಶಗಳ ಎರಡು ಪದರ. ಮೇಲಿನ ಪದರದ ಹರಳುಗಳ ನಡುವಿನ ಅಂತರ ಬದಲಾದರೆ ಬಣ್ಣ ಬದಲಾಗುತ್ತದೆ. ಕೆಳಗಿನ ಪದರದ ದೊಡ್ಡ ಹರಳುಗಳು ಬಿಸಿಲಿನ ಶಾಖದಲ್ಲಿ ಒಂದು ಪಾಲನ್ನು ವಾಪಸ್ ಕಳಿಸುತ್ತವೆ. ಮೈಯೊಳಗೇ ಇಷ್ಟೆಲ್ಲ ಏರ್ಪಾಡು ಇಟ್ಟುಕೊಂಡ ಪ್ರಾಣಿ ಅದು. ಆ ಏರ್ಪಾಡು ಇರುವುದು ಆಕಾಶದಲ್ಲಿರುವ ಸೂರ್ಯನಿಗೆ. ನಾಲ್ಕು ಅಂಗುಲದ ಮೇಲಿರುವ ಫಿಲಮೆಂಟ್ ಬಲ್ಬಿನ ಮುಂದೆ ಅದರ ಆಟ ನಡೆಯುವುದಿಲ್ಲ.

ಹೊಸಕೋಟೆಯ ಕೋಳಿ ಸಾಕಣೆದಾರರಿಗೆ ಇದನ್ನೆಲ್ಲ ನಾನು ಹೇಳಿಕೊಡಬೇಕಾಗಿರಲಿಲ್ಲ. ಮರಿ ಬಂದ ಮೊದಲ ವಾರ ಬ್ರೂಡರಿನ ಕೆಳಗೆ 35 ಡಿಗ್ರಿ ಇಟ್ಟು, ವಾರ ವಾರ ಮೂರು ಡಿಗ್ರಿಯಂತೆ ಇಳಿಸುತ್ತ, ದೀಪವನ್ನು ಹಗ್ಗದಲ್ಲಿ ಮೇಲಕ್ಕೆ ಎಳೆಯುತ್ತ ಹೋಗುತ್ತಾರೆ. ಮರಿಗಳು ದೀಪದಡಿ ಗುಂಪುಗೂಡಿದರೆ ಚಳಿ, ಅಂಚಿಗೆ ಓಡಿದರೆ ಸೆಕೆ. ಅವರಲ್ಲಿ ನಾಲ್ಕನೇ ಕ್ಲಾಸು ಓದಿದ ಮುದುಕಪ್ಪ ಎಂಬವರಿಗೂ ಇದು ಗೊತ್ತಿತ್ತು. ಮರಿ ಬೆಳೆದಂತೆ ದೀಪ ಮೇಲಕ್ಕೆ ಏರಬೇಕು ಎಂಬ ಇಷ್ಟೇ ಮಾತು, ಅಲ್ಲಿಂದ ಮೂವತ್ತು ಕಿಲೋಮೀಟರು ದೂರದ ನಗರದಲ್ಲಿ ಸಾವಿರಾರು ರೂಪಾಯಿ ಕೊಟ್ಟು ಗೋಸುಂಬೆ ಕೊಂಡವರಿಗೆ ಮುಟ್ಟಿಲ್ಲ.

ಅವರು ಓದುವುದಿಲ್ಲ ಎಂದಲ್ಲ, ತುಂಬಾ ಓದುತ್ತಾರೆ. ಓದುವುದು ಅಮೆರಿಕ, ಜರ್ಮನಿಯವರು ಬರೆದದ್ದನ್ನು. ಹೊರಗೆ ಹಿಮ ಬಿದ್ದು ಒಳಗೆ 20 ಡಿಗ್ರಿ ಇರುವ ಮನೆಗೆ ಬರೆದ ಸಲಹೆ ಅದು. ಬೆಳೆದ ಯೆಮೆನ್ ಗೋಸುಂಬೆಗೆ ಮೈ ಕಾಯಿಸುವ ಜಾಗದಲ್ಲಿ 29-30 ಡಿಗ್ರಿ ಇದ್ದರೆ ಧಾರಾಳ. ಹೆಣ್ಣಿಗೆ, ಮರಿಗೆ ಅದಕ್ಕಿಂತ ಎರಡು ಮೂರು ಡಿಗ್ರಿ ಕಡಿಮೆಯೇ ಲೇಸು. ರಾತ್ರಿ ತಂಪಾಗಬೇಕು, ಹದಿನೈದು ಹದಿನೆಂಟಕ್ಕೆ ಇಳಿದರೂ ಆರೋಗ್ಯವಾಗಿರುವ ಪ್ರಾಣಿಗೆ ತೊಂದರೆಯಿಲ್ಲ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ಡಿಸೆಂಬರಿನ ರಾತ್ರಿ 16 ಡಿಗ್ರಿಯ ಆಸುಪಾಸು, ಏಪ್ರಿಲಿನ ಹಗಲು ಸರಾಸರಿ 34. ಈ ಊರಿನಲ್ಲಿ ರಾತ್ರಿಗೆಂದು ಕೆಂಪು ಬಲ್ಬು ಮಾರುವವನು ನಿಮ್ಮ ದುಡ್ಡಿಗೆ ದೀಪ ಹಚ್ಚುತ್ತಿದ್ದಾನೆ, ಅಷ್ಟೇ. ಬೇಸಿಗೆಯ ಹಗಲಿನಲ್ಲಿ ಬಾಲ್ಕನಿಯ ಕಡೆಯ ಕೋಣೆಗೆ ಶಾಖದ ದೀಪವೇ ಬೇಡ. ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಎರಡು ಮೂರು ಗಂಟೆ ನಲವತ್ತು ವಾಟಿನದು ಸಾಕು. (ಎಲ್‌ಇಡಿ ಬಂದ ಮೇಲೆ ನಲವತ್ತು ವಾಟಿನ ಹಳೇ ಬಲ್ಬು ಸಿಗುವುದೇ ಕಷ್ಟ ಎಂದು ಗೊಣಗುವವರಿದ್ದಾರೆ. ಚಿಕ್ಕಪೇಟೆ, ಎಸ್‌.ಪಿ. ರಸ್ತೆಯ ಕಡೆ ಒಮ್ಮೆ ಸುತ್ತಿ ಬನ್ನಿ.) ನೇರಳಾತೀತ ಕಿರಣದ ಟ್ಯೂಬು ಬೇರೆ ವಿಷಯ. ಅದು ಮೂಳೆಗೆ ಬೇಕು, ಬೇಸಿಗೆಯಲ್ಲೂ ಬೇಕು. ಶಾಖ, ನೇರಳಾತೀತ ಎರಡನ್ನೂ ಒಂದೇ ಬಲ್ಬಿನಲ್ಲಿ ಕೊಡುವ ಮರ್ಕ್ಯುರಿ ದೀಪವನ್ನು ಗೋಸುಂಬೆಯ ಹತ್ತಿರಕ್ಕೂ ತರಬೇಡಿ.

ಏಸಿ ಹಾಕುವ ಮನೆಗಳ ಕಥೆ ಇನ್ನೊಂದು. ಯಜಮಾನರಿಗೆ 22 ಡಿಗ್ರಿ ಬೇಕು, ಗೋಸುಂಬೆಗೆ 29. ತಣ್ಣಗಿನ ಗಾಳಿ ಬಡಿಯುತ್ತಿದ್ದಂತೆ ಅದು ಹತ್ತಿ ಹೋಗಿ ದೀಪದ ಬುಡಕ್ಕೇ ಅಂಟಿಕೊಳ್ಳುತ್ತದೆ. ಪಂಜರದ ಮೇಲ್ಭಾಗದ ಜಾಲರಿಗೆ ತಲೆಕೆಳಗಾಗಿ ಜೋತುಬೀಳುವುದು ಅದಕ್ಕೆ ಬಲು ಇಷ್ಟ. ದೀಪದ ಡೋಮನ್ನು ನೇರ ಜಾಲರಿಯ ಮೇಲೆ ಬೋರಲಾಗಿಟ್ಟಿದ್ದರೆ ಕಾದ ತಂತಿಗೂ ಅದರ ಹೊಟ್ಟೆಗೂ ನಡುವೆ ಏನೂ ಇರುವುದಿಲ್ಲ. ಆದ್ದರಿಂದ ದೀಪ ಪಂಜರದ ಹೊರಗಿರಬೇಕು, ಜಾಲರಿಯಿಂದಲೂ ಮೇಲಕ್ಕೆ ಎತ್ತಿ ತೂಗುಹಾಕಿರಬೇಕು. ಅತಿ ಎತ್ತರದ ರೆಂಬೆಯ ಮೇಲೆ ನಿಂತಾಗ ಪ್ರಾಣಿಯ ನೆತ್ತಿಗೂ ಬಲ್ಬಿಗೂ ನಡುವೆ ಒಂದು ಗೇಣಿಗಿಂತ ಕಡಿಮೆ ಜಾಗ ಇರಕೂಡದು. ನಿಮ್ಮ ಗೇಣು, ಮಗುವಿನದಲ್ಲ. ಗೇಣು ಬಿಟ್ಟ ಮೇಲೂ ಥರ್ಮಾಮೀಟರು ಹೇಳಿದ್ದೇ ಕೊನೆ ಮಾತು. ತಂತಿ ಇರುವ ಡಿಜಿಟಲ್ ಥರ್ಮಾಮೀಟರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಶಾಖ ಜಾಸ್ತಿ ಅನ್ನಿಸಿದರೆ ಫಿಲಮೆಂಟ್ ಬಲ್ಬಿಗೆ ಡಿಮ್ಮರ್ ಹಾಕಿಸಿ, ಬೀದಿಯ ಎಲೆಕ್ಟ್ರಿಷಿಯನ್ನೇ ಹಾಕಿಕೊಡುತ್ತಾನೆ. ಇನ್ನೂ ಒಳ್ಳೆಯದು ಥರ್ಮೋಸ್ಟಾಟ್. ಕೈಯೊಡ್ಡಿ ನೋಡಿ ಬಿಸಿ ಅಳೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಪಳಗಿದ ಕೈಗೂ, ಕೀಬೋರ್ಡ್ ಒತ್ತುವ ಕೈಗೂ ಬಿಸಿ ಒಂದೇ ಅಲ್ಲ.

ಸುಟ್ಟೇಬಿಟ್ಟರೆ? ಮೊದಲು ದೀಪ ಆರಿಸಿ. ಆಗಷ್ಟೇ ಸುಟ್ಟಿದ್ದರೆ ತಣ್ಣೀರಿನಲ್ಲಿ ನೆನೆಸಿದ ಮೆತ್ತನೆ ಬಟ್ಟೆಯನ್ನು ಗಾಯದ ಮೇಲೆ ಕೆಲವು ನಿಮಿಷ ಇಡಿ. ಐಸ್ ಬೇಡ. ಸಲೈನ್ ಇದ್ದರೆ ಅದರಿಂದ ತೊಳೆಯಿರಿ. ಅಲ್ಲಿಗೆ ಮನೆಯ ಕೆಲಸ ಮುಗಿಯಿತು. ಇಷ್ಟು ಹೇಳಿದರೂ ಗಾಯಕ್ಕೆ ಏನಾದರೊಂದು ಮೆತ್ತಿಕೊಂಡೇ ಬರುತ್ತಾರೆ. ಅರಿಶಿನ, ಜೇನುತುಪ್ಪ, ಕಾಫಿಪುಡಿ, ಟೂತ್‌ಪೇಸ್ಟ್ ಎಲ್ಲವನ್ನೂ ಕೆರೆದು ತೆಗೆದಿದ್ದೇನೆ. ತುಪ್ಪ ಹಚ್ಚಿ ತಂದ ಅಜ್ಜಿಯೊಬ್ಬರ ಮುಂದೆ ಮಾತ್ರ ಬಾಯಿ ಬರಲಿಲ್ಲ. ತಮ್ಮ ಮಕ್ಕಳಿಗೆ ಮಾಡಿದ್ದನ್ನೇ ಅದಕ್ಕೂ ಮಾಡಿದ್ದರು. ಆದರೆ ಜಿಡ್ಡು ಶಾಖವನ್ನು ಒಳಗೇ ಹಿಡಿದಿಡುತ್ತದೆ, ಪುಡಿ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಮೆಡಿಕಲ್ ಶಾಪಿನಿಂದ ನೋವು ಮರಗಟ್ಟಿಸುವ ಮುಲಾಮು ತಂದು ಹಚ್ಚುವುದು ಅದಕ್ಕಿಂತ ಅಪಾಯ. ನೂರೈವತ್ತು ಗ್ರಾಮಿನ ಪ್ರಾಣಿಗೆ ಆ ಔಷಧ ಚರ್ಮದಿಂದ ಒಳಕ್ಕೆ ಹೋದರೆ ವಿಷವಾಗಬಹುದು. ಮನುಷ್ಯರ ನೋವಿನ ಮಾತ್ರೆಯಂತೂ ಬೇಡವೇ ಬೇಡ.

ಕ್ಲಿನಿಕ್ಕಿನಲ್ಲಿ ನಾವು ಮಾಡುವುದರಲ್ಲಿ ಪವಾಡವೇನಿಲ್ಲ, ತಾಳ್ಮೆ ಬೇಕು. ತಿಳಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್‌ನಿಂದ ಗಾಯ ತೊಳೆಯುತ್ತೇವೆ, ಸತ್ತ ಚರ್ಮ ತಾನಾಗಿ ಸಡಿಲವಾಗಿದ್ದಷ್ಟನ್ನು ಮಾತ್ರ ತೆಗೆಯುತ್ತೇವೆ, ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನು ತೆಳ್ಳಗೆ ಸವರುತ್ತೇವೆ. ಗಾಯ ದೊಡ್ಡದಾದರೆ ಅದರ ಮೂಲಕವೇ ಮೈಯ ನೀರು ಸೋರಿಹೋಗುತ್ತದೆ; ಕಣ್ಣು ಗುಳಿಬಿದ್ದಿದ್ದರೆ, ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಮೊದಲು ಚರ್ಮದಡಿ ಸಲೈನ್ ಕೊಡಬೇಕು. ನೋವಿನ ಇಂಜೆಕ್ಷನ್ ಆಮೇಲೆ. ಒಣಗಿದ ಮೈಗೆ ಅದನ್ನು ಕೊಟ್ಟರೆ ಮೂತ್ರಪಿಂಡಕ್ಕೆ ಹೊಡೆತ. ಆಂಟಿಬಯಾಟಿಕ್ ಎಲ್ಲ ಗಾಯಕ್ಕೂ ಬೇಕಿಲ್ಲ. ಬೇಕಾದಾಗ ಮುಂಗಾಲಿನ ಕಡೆಯೇ ಚುಚ್ಚುತ್ತೇವೆ, ಏಕೆಂದರೆ ಸರೀಸೃಪಗಳ ಹಿಂಭಾಗದ ರಕ್ತ ಮೂತ್ರಪಿಂಡದ ದಾರಿಯಾಗಿ ಹೋಗಬಲ್ಲದು. ನೆತ್ತಿ ಸುಟ್ಟಿದ್ದರೆ ನನ್ನ ಚಿಂತೆಯೆಲ್ಲ ಕೆಳಗಿನ ಮೂಳೆಯದು. ಕೀವು ಅಲ್ಲಿಗೆ ಇಳಿದರೆ ತಿಂಗಳುಗಟ್ಟಲೆ ಒದ್ದಾಟ.

ಮನೆಗೆ ಕಳಿಸುವಾಗ ಒಂದು ಮಾತನ್ನು ಒತ್ತಿ ಹೇಳುತ್ತೇನೆ, ಕೇಳಿದವರು ಅನುಮಾನದಿಂದ ನೋಡುತ್ತಾರೆ. ಸುಟ್ಟಿತು ಎಂದು ಹೆದರಿ ಶಾಖವನ್ನೇ ನಿಲ್ಲಿಸಬೇಡಿ. ಸರಿಯಾದ ಬಿಸಿ ಇಲ್ಲದಿದ್ದರೆ ಅದರ ಮೈಗೆ ಸೋಂಕಿನ ವಿರುದ್ಧ ಹೋರಾಡುವ ಶಕ್ತಿ ಬರುವುದಿಲ್ಲ, ತಿಂದದ್ದು ಜೀರ್ಣವಾಗುವುದಿಲ್ಲ, ಗಾಯ ಕೂಡುವುದಿಲ್ಲ. ದೀಪ ಬೇಕು, ಗೇಣು ದೂರದಲ್ಲಿ, 29ರಲ್ಲಿ. ಹಕ್ಕಳೆಯನ್ನು ಕೀಳಬೇಡಿ. ಒಂದೊಂದು ಸಲ ಪೊರೆ ಬಿಟ್ಟಾಗಲೂ ಸ್ವಲ್ಪ ಸ್ವಲ್ಪ ಕಳಚಿಕೊಂಡು ತಾನೇ ಬೀಳುತ್ತದೆ. ಉದುರಿದ ಬೆನ್ನಿನ ಹಲ್ಲು ಮತ್ತೆ ಬರುವುದಿಲ್ಲ. ಆ ಹುಡುಗನ ಗೋಸುಂಬೆ ಈಗ ಚೆನ್ನಾಗಿ ಮಿಡತೆ ತಿನ್ನುತ್ತದೆ, ಕಿರೀಟದ ತುದಿ ಮಾತ್ರ ಕಚ್ಚಿದ ಬಿಸ್ಕತ್ತಿನಂತಿದೆ.

ಇಂಥ ಪ್ರಾಣಿಗಳನ್ನು ಸಾಕುವುದನ್ನೇ ನಿಷೇಧಿಸಿ ಎನ್ನುವ ಗೆಳೆಯರಿದ್ದಾರೆ. ನನ್ನ ಕೇಳಿದರೆ ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಮುಟ್ಟಿಸಿಕೊಳ್ಳುವುದನ್ನು ಇಷ್ಟಪಡದ, ಒಂಟಿಯಾಗಿರಬೇಕಾದ ಪ್ರಾಣಿಯನ್ನು ಮಗುವಿನ ಹುಟ್ಟುಹಬ್ಬಕ್ಕೆ ತರುವುದರಲ್ಲಿ ಅರ್ಥವಿಲ್ಲ. ನಮ್ಮ ಹೊಲದ ಬೇಲಿಯ ಗೋಸುಂಬೆಯನ್ನಂತೂ ಮುಟ್ಟುವ ಹಾಗೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಪಾಡುತ್ತದೆ, ಹಿಡಿದು ಸಾಕಿದರೆ ಅಪರಾಧ. ಆದರೆ ವಿದೇಶದ್ದು ಈಗಾಗಲೇ ನಮ್ಮ ಮನೆಗಳೊಳಗಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಜೀವಿಗಳಿಗೆ 2022ರ ತಿದ್ದುಪಡಿ ಕಾಯ್ದೆಯಲ್ಲೇ ಜಾಗ ಮಾಡಿಕೊಟ್ಟಿತು, 2024ರ ಫೆಬ್ರವರಿಯಲ್ಲಿ ನೋಂದಣಿಯ ನಿಯಮಗಳೂ ಬಂದವು. ಸಾಕಿದವರು ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ದಾಖಲಿಸಬೇಕು. ಒಳ್ಳೆಯ ಕೆಲಸ. ಪ್ರಾಣಿ ಯಾರ ಮನೆಯಲ್ಲಿದೆ ಎಂದು ಸರ್ಕಾರಕ್ಕೆ ಗೊತ್ತಾಗುತ್ತದೆ. ಅದರ ತಲೆಯ ಮೇಲೆ ಎಷ್ಟು ವಾಟ್ ಉರಿಯುತ್ತಿದೆ ಎಂದು ಗೊತ್ತಿರುವುದು ಮಾರಿದವನೊಬ್ಬನಿಗೇ.

ಹಾಗಾಗಿ ನನ್ನ ಜಗಳ ಮಾರುವವರ ಜೊತೆ. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿ ಅಂಗಡಿ ನಡೆಸಲು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಆ ನೋಂದಣಿಗೆ ಇನ್ನೆರಡು ಷರತ್ತು ಸೇರಿಸಿ ಎಂದು ಮಂಡಳಿಯನ್ನು ಕೇಳುತ್ತೇನೆ. ಥರ್ಮಾಮೀಟರು ಇಲ್ಲದೆ ಶಾಖದ ದೀಪ ಮಾರಕೂಡದು. ಪ್ರಾಣಿಯ ಜೊತೆ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಡಬೇಕು. ಈ ತಿಂಗಳು ಇಷ್ಟು ದೂರ, ಆರು ತಿಂಗಳಾದ ಮೇಲೆ ಇಷ್ಟು ದೂರ, ಈ ಊರಿನ ಬೇಸಿಗೆಗೆ ಇಷ್ಟು ವಾಟ್ ಎಂದು ಅದರಲ್ಲಿರಬೇಕು. ಪಂಜರ ನೋಡಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಕೊಂಡ ಮಗನಲ್ಲ, ಅವನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿರುವ ಅಮ್ಮ, ಇಲ್ಲವೇ ಕೆಲಸಕ್ಕೆ ಬರುವ ಹೆಂಗಸು. ಇಂಗ್ಲಿಷ್ ಕೈಪಿಡಿ ಅವರ ಕೈಗೆ ಸಿಗುವುದೂ ಇಲ್ಲ. ಇದಕ್ಕೆ ಖರ್ಚು ಎಷ್ಟು ಎಂದು ಅಂಗಡಿಯವರೊಬ್ಬರು ನನ್ನನ್ನೇ ಕೇಳಿದರು. ನಿಮ್ಮ ಕೆಂಪು ಬಲ್ಬಿನ ಲಾಭಕ್ಕಿಂತ ಕಡಿಮೆ ಎಂದೆ. ನಕ್ಕರು, ಮಾಡುತ್ತೇನೆ ಅನ್ನಲಿಲ್ಲ.

ಮಂಡಳಿ ಎಚ್ಚರಗೊಳ್ಳುವವರೆಗೆ ಸಾಕುವವರಿಗೆ ನನ್ನದೊಂದು ಕೋರಿಕೆ. ಗೋಸುಂಬೆಯ ಮೈಮೇಲೆ ಬಿಳಿ ಮಚ್ಚೆ ಕಂಡರೆ ಪೊರೆ ಎಂದು ಕಾಯದೆ ಕರೆದುಕೊಂಡು ಬನ್ನಿ, ಕಾರಿನಲ್ಲಿ ಏಸಿ ಗಾಳಿ ಡಬ್ಬಿಗೆ ನೇರ ಬಡಿಯದಿರಲಿ. ಬರುವಾಗ ಪಂಜರದ ಫೋಟೊ ತನ್ನಿ. ಬಲ್ಬಿಗೂ ರೆಂಬೆಗೂ ನಡುವೆ ಟೇಪು ಹಿಡಿದು ತೆಗೆದದ್ದಾದರೆ ನನ್ನ ಅರ್ಧ ಪ್ರಶ್ನೆಗಳು ಕೇಳದೆಯೇ ಮುಗಿಯುತ್ತವೆ.